ಕಂಬಳಿಹುಳದ ಮರ

ನಮ್ಮ ಚಿಕ್ಕಮ್ಮ ಜನರಿಗೆ ಹಲ್ಲು ಮಾಡಿಕೊಡುತ್ತಾಳೆ. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾವು ಅದಕ್ಕೆ ಪ್ಲಾಸ್ಟರು ಸುರಿದು, ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ಕೂರಿಸಿ, ಪಾಲಿಷು ಹೊಡೆದು ವಾಪಸು ಕಳಿಸುತ್ತೇವೆ. ನಾವು ಅಂದರೆ ಚಿಕ್ಕಮ್ಮ ಮತ್ತು ನಾನು. ಹಲ್ಲು ಚಿಕ್ಕಮ್ಮನದು, ಬಾಯಿ ನನ್ನದು ಎಂದು ಕ್ಲಿನಿಕ್ಕಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನನಗೇನು. ಅಮ್ಮ ತೀರಿಕೊಂಡಾಗಿನಿಂದ ನನ್ನನ್ನು ಸಾಕಿದವಳು ಅವಳು, ಕಸುಬು ಕಲಿಸಿದವಳೂ ಅವಳೇ. ಬಾಯಿ ಮುಚ್ಚಿಕೊಂಡಿರುವುದನ್ನು ಮಾತ್ರ ಕಲಿಸಲು ಅವಳ ಕೈಲೂ ಆಗಲಿಲ್ಲ.

ಎಲೆ ಉದುರುವ ಕಾಲದಲ್ಲಿ ನಮ್ಮ ಕೆಲಸವನ್ನೆಲ್ಲ ಈ ಹೊಸ ಜಾಗಕ್ಕೆ ತಂದೆವು. ಹೊಸದೆಂದರೆ ನಮಗೆ ಹೊಸದು. ವರ್ಷಗಟ್ಟಲೆ ಮುಚ್ಚಿಬಿದ್ದಿದ್ದ ಹಳೆಯ ಕಟ್ಟಡ. ನಡುವೆ ಕಲ್ಲು ಹಾಸಿದ ಅಂಗಳ, ಸುತ್ತ ಅಂಗಡಿಗಳು, ಮೇಲೆ ಮನೆಗಳು, ಅದರ ಮೇಲೆ ತಾರಸಿ. ಅಂಗಳದ ಮಧ್ಯೆ ಒಂದು ಮರ. ನಾವು ಸಾಮಾನು ಇಳಿಸುವ ಹೊತ್ತಿಗೆ ಅದರಲ್ಲಿ ಒಂದೂ ಎಲೆಯಿಲ್ಲ, ನುಣುಪಾದ ಬೂದು ಕೊಂಬೆಗಳಷ್ಟೇ ಇದ್ದವು. ಯಾವ ಮರವೆಂದು ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಅಲ್ಲಿದ್ದವರೆಲ್ಲ ನಮ್ಮ ಹಾಗೇ ಹೊಸಬರು. ಬೋಳು ಮರದ ಹೆಸರು ಕಟ್ಟಿಕೊಂಡು ಯಾರಿಗೇನಾಗಬೇಕು?

ಅಂಗಳದ ಆಚೆ ಬದಿಯಲ್ಲಿ, ನಮ್ಮ ಕಿಟಕಿಗೆ ನೇರ ಎದುರು, ಬೀಗ ರಿಪೇರಿ ಅಂಗಡಿ. ಅದರ ಯಜಮಾನರನ್ನು ಎಲ್ಲರೂ ಬೀಗದವರು ಎಂದೇ ಕರೆಯುತ್ತಿದ್ದರು. ಅರವತ್ತು ದಾಟಿದ ಎತ್ತರದ ಆಸಾಮಿ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ದೃಷ್ಟಿ ಮಂದ, ಕೀಲಿಯನ್ನು ಮೂಗಿಗೆ ತಾಗಿಸಿಕೊಂಡೇ ನೋಡುತ್ತಿದ್ದರು, ಉಳಿದದ್ದನ್ನು ಬೆರಳು ನೋಡಿಕೊಳ್ಳುತ್ತಿತ್ತು. ಇನ್ನು ಮಾತಿನ ನಿಧಾನವೋ, ಕೇಳಬೇಡಿ. ‘ನಮಸ್ಕಾರ’ ಎಂದು ಶುರು ಮಾಡಿದರೆ ಅದು ಮುಗಿಯುವುದರೊಳಗೆ ನಾನು ಒಂದು ದವಡೆಗೆ ಪ್ಲಾಸ್ಟರು ಸುರಿದು ಮುಗಿಸುತ್ತಿದ್ದೆ.

ಅವರ ಮೇಲಿನ ಹಲ್ಲುಗಳೆಲ್ಲ ಹೋದಾಗ ಡಾಕ್ಟರು ಅಚ್ಚನ್ನು ನಮಗೇ ಕಳಿಸಿದರು. ಚಿಕ್ಕಮ್ಮ ಮುತುವರ್ಜಿಯಿಂದ ಹಲ್ಲಿನ ಸೆಟ್ಟು ಕಟ್ಟಿದಳು. ಅಕ್ಕಪಕ್ಕದವರಲ್ಲವೇ, ಒಸಡಿಗೆ ಉಜ್ಜಿದರೆ ಗಿಜ್ಜಿದರೆ ಅಲ್ಲೇ ತೋರಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದೇ ತಪ್ಪಾಯಿತು. ಮರುವಾರವೇ ಬೀಗದವರು ಬಾಗಿಲಲ್ಲಿ ಹಾಜರ್.

“ಉಜ್ಜುತ್ತೆ ಮೇಡಂ.”

“ಎಲ್ಲಿ ಉಜ್ಜುತ್ತೆ?”

“ಇಲ್ಲೇ... ಎಲ್ಲೋ.”

ಚಿಕ್ಕಮ್ಮನಿಗೆ ಅವಮಾನ. ಅವಳು ಕಟ್ಟಿದ ಸೆಟ್ಟು ಉಜ್ಜಿದ ಇತಿಹಾಸವೇ ಇಲ್ಲ. ತಿರುಗಿಸಿ ನೋಡಿದಳು, ಉಜ್ಜುವ ಜಾಗ ತೋರಿಸುವ ಬಣ್ಣ ಹಚ್ಚಿ ನೋಡಿದಳು, ಸುಮ್ಮನೆ ಕೂದಲೆಳೆಯಷ್ಟು ತೇಯ್ದು ಕೊಟ್ಟಳು. ಅದರ ಮುಂದಿನ ವಾರ ಮತ್ತೆ ಬಂದರು. ಅದರ ಮುಂದಿನ ವಾರವೂ. ಬರುವಾಗ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದರು. ಸೆಟ್ಟು ತೇಯಿಸಿಕೊಳ್ಳಲು ಅಂಗಿಗೆ ಇಸ್ತ್ರಿ ಯಾಕೆ ಬೇಕೆಂದು ನನಗೆ ಅರ್ಥವಾಯಿತು. ಚಿಕ್ಕಮ್ಮನಿಗೆ ಅರ್ಥವಾಗಲಿಲ್ಲ; ಅಥವಾ ಆಗಿಯೂ ಆಗದವಳ ಹಾಗೆ ಇದ್ದಳು. ಆದರೆ ಅವರು ಬರುವ ದಿನ ಅವಳ ಏಪ್ರನ್ ಒಗೆದು ಮಡಿಸಿದ್ದಾಗಿರುತ್ತಿತ್ತು, ನಾನೇನು ಕುರುಡಿಯೇ?

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಅವರು ಬಂದು ಕುರ್ಚಿಯಲ್ಲಿ ಕೂತು, ಎಂದಿನ ಹಾಗೆ ಬಾಯಿ ತೆರೆಯದೆ, ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡರು.

“ಹಲ್ಲು ಒಸಡಿಗೆ ಉಜ್ಜಲ್ಲ ಮೇಡಂ. ಒಂದು ದಿನಾನೂ ಉಜ್ಜಿಲ್ಲ. ನನ್ನ ಸ್ವಂತ ಹಲ್ಲೂ ಇಷ್ಟು ಚೆನ್ನಾಗಿರಲಿಲ್ಲ. ಸುಳ್ಳು ಹೇಳ್ಕೊಂಡು ಬರ್ತಿದ್ದೆ, ಇನ್ನು ಹೇಳೋಕೆ ನಾಚಿಕೆ ಆಗುತ್ತೆ. ನಾವಿಬ್ಬರೂ ಮದುವೆ ಆಗೋಣವಾ ಅಂತ ಕೇಳೋಕೆ ಬಂದೆ.”

ಅವರು ಅಷ್ಟು ಮಾತನ್ನು ಒಟ್ಟಿಗೆ ಆಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಪಾಲಿಷು ಮೋಟಾರು ಆರಿಸಿದೆ. ಚಿಕ್ಕಮ್ಮನ ಕಿವಿ ಒಸಡಿನ ಮೇಣದ ಬಣ್ಣಕ್ಕೆ ತಿರುಗಿತು. ಐವತ್ತೊಂಬತ್ತು ವರ್ಷ ತುಂಬುವವರೆಗೆ ಮದುವೆಯ ಮಾತೆತ್ತಿದವರನ್ನೆಲ್ಲ ಹೊಸ್ತಿಲು ದಾಟಿಸಿದ್ದ ಗಟ್ಟಿಗಿತ್ತಿ, ಈಗ ಹೂಂ ಎನ್ನಲೂ ಬಾರದೆ ಊಹೂಂ ಎನ್ನಲೂ ಬಾರದೆ ಕೋಣೆಯ ತುಂಬ ಕಣ್ಣಾಡಿಸಿದಳು. ಕಣ್ಣು ಹೋಗಿ ಕಿಟಕಿಯಾಚೆಯ ಬೋಳು ಮರದ ಮೇಲೆ ಬಿತ್ತು.

“ಆ ಮರ ಹೂ ಬಿಟ್ಟ ದಿನ ಹೇಳ್ತೀನಿ” ಎಂದಳು.

ಬೀಗದವರು ಕಣ್ಣು ಕಿರಿದು ಮಾಡಿ ಮರದ ಕಡೆ ನೋಡಿದರು. “ಆಯ್ತು ಮೇಡಂ” ಎಂದರು. ಎದ್ದು ಹೋದರು.

ಅವರು ಅಂಗಳ ದಾಟಿದ್ದೇ ತಡ, ನಾನು ಶುರು ಮಾಡಿದೆ. “ಅದು ಸತ್ತ ಮರ ಚಿಕ್ಕಮ್ಮ.”

“ನನಗೂ ಗೊತ್ತು ಕಣೇ.”

“ಹಾಗಾದ್ರೆ ಅತ್ತಿ ಹೂ ತಂದುಕೊಡಿ ಅಂದ ಹಾಗಾಯ್ತಲ್ಲ. ಬೇಡ ಅಂತ ಬಾಯಿಬಿಟ್ಟು ಹೇಳೋಕೆ ಆಗ್ತಿರಲಿಲ್ವಾ?”

“ಬೇಡ ಅಂತ ಎಲ್ಲಿ ಹೇಳಿದೆ?” ಎಂದಳು. ಆಮೇಲೆ ತಾನೇ ಆಡಿದ ಮಾತಿಗೆ ತಾನೇ ಬೆಚ್ಚಿದವಳಂತೆ ಬರ್ನರ್ ಹಚ್ಚಿ ಮೇಣ ಕರಗಿಸತೊಡಗಿದಳು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುತ್ತಾರಲ್ಲ, ಆ ನೆಮ್ಮದಿ ಅವಳ ಮುಖದಲ್ಲಿ ಇರಬೇಕಿತ್ತು. ಇರಲಿಲ್ಲ. ಆ ದಿನ ಒಬ್ಬ ಮುದುಕರ ಕೆಳಗಿನ ಸೆಟ್ಟಿಗೆ ಎಡದ ಹಲ್ಲನ್ನು ಬಲಕ್ಕೆ ಕೂರಿಸಿಟ್ಟಳು.

ಚಳಿ ಬಲಿತ ಹಾಗೆ ಮರದ ಕೊಂಬೆಗಳ ತುದಿಯಲ್ಲಿ ಏನೋ ಕಾಣಿಸತೊಡಗಿತು. ಹೆಬ್ಬೆರಳಿನಷ್ಟು ಉದ್ದ, ಬೂದು ಹಸಿರು ಬಣ್ಣ, ಮೈತುಂಬ ರೋಮ, ತುದಿ ಸ್ವಲ್ಪ ಸೊಟ್ಟ. ಚಿಕ್ಕಮ್ಮ ಕಿಟಕಿ ಒರೆಸುತ್ತ ಒಂದು ದಿನ ಗಟ್ಟಿಯಾಗಿಯೇ ಹೇಳಿದಳು: “ಅಯ್ಯೋ, ಮರದ ತುಂಬಾ ಕಂಬಳಿಹುಳ. ಇನ್ನೆಲ್ಲಿ ಹೂ ಬಿಡುತ್ತೆ ಇದು.”

ಆ ಮಾತು ಅಂಗಳದಲ್ಲಿ ಬೀಗಕ್ಕೆ ಎಣ್ಣೆ ಬಿಡುತ್ತಿದ್ದ ಬೀಗದವರ ಕಿವಿಗೆ ಬಿತ್ತು. ಮಾರನೆಯ ಬೆಳಿಗ್ಗೆ ನೋಡಿದರೆ ಮರಕ್ಕೆ ಏಣಿ, ಏಣಿಯ ಮೇಲೆ ಬೀಗದವರು, ಕೈಯಲ್ಲಿ ಇಕ್ಕಳ, ಸೊಂಟಕ್ಕೆ ಕಟ್ಟಿದ ಮುಚ್ಚಳದ ಡಬ್ಬಿ. ಕಂಬಳಿಹುಳ ಮುಟ್ಟಿದರೆ ತುರಿಕೆ ಎಂದು ಕೈಗೆ ದಪ್ಪ ಕೈಗವಸು ಬೇರೆ. ಒಂದೊಂದನ್ನೇ ಇಕ್ಕಳದಲ್ಲಿ ಹಿಡಿದು, ತಿರುಚಿ, ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚುತ್ತಿದ್ದರು. ಅಂಗಡಿ ತೆರೆಯುವ ಮೊದಲು ದಿನವೂ ಅದೇ ಕೆಲಸ. ಮೊಣಕಾಲು ನೋವಿನ ಮನುಷ್ಯ, ಪ್ರತಿ ಮೆಟ್ಟಿಲಿಗೂ ಒಂದು ನಿಟ್ಟುಸಿರು.

ಚಿಕ್ಕಮ್ಮ ಕಿಟಕಿಯ ಹತ್ತಿರದ ಮೇಜಿಗೆ ತನ್ನ ಕೆಲಸ ಬದಲಾಯಿಸಿಕೊಂಡಳು. ಬೆಳಕು ಚೆನ್ನಾಗಿದೆ ಎಂದಳು. ಚಳಿಗಾಲದ ಮುಂಜಾನೆ ಎಂಥ ಬೆಳಕು, ಮಣ್ಣು. “ಬೀಳ್ತಾರೆ ಈ ಮನುಷ್ಯ” ಎಂದು ಗೊಣಗುತ್ತಿದ್ದಳು. “ಇಳೀರಿ ಸಾಕು ಅಂತ ಹೇಳಿ ಬಾರೇ” ಎನ್ನುತ್ತಿದ್ದಳು. ನಾನು ಹೊರಟರೆ, “ಬೇಡ ಬಿಡು, ನಾವ್ಯಾಕೆ ಹೇಳ್ಬೇಕು” ಎನ್ನುತ್ತಿದ್ದಳು. ಬಿಸಿ ಚಹಾದ ಲೋಟ ಮಾತ್ರ ಯಾರದೋ ಕೈಯಲ್ಲಿ ಅಂಗಳ ದಾಟುತ್ತಿತ್ತು. ಆ ಕೈ ನನ್ನದಲ್ಲ ಎಂದಷ್ಟೇ ಹೇಳಬಲ್ಲೆ.

ಚಳಿ ಇಳಿಯುವ ಹೊತ್ತಿಗೆ ಮರ ನುಣ್ಣಗೆ ಬೋಳಾಗಿತ್ತು. ನಾನು ಒಂದು ಕೀಲಿ ಮಾಡಿಸಲು ಹೋದಾಗ ಬೀಗದವರು ಹೆಮ್ಮೆಯಿಂದ ಡಬ್ಬಿ ತೆರೆದು ತೋರಿಸಿದರು.

“ನೋಡಮ್ಮ. ಇದು ಕೊನೇ ಕಂತು. ಒಂದೂ ಬಿಟ್ಟಿಲ್ಲ. ಇನ್ನು ಕೊಂಬೇಲಿ ಇರೋದು ಬರೀ ಸಣ್ಣ ಸಣ್ಣವು. ಅವು ಮರಿ, ಪಾಪ ಅಂತ ಬಿಟ್ಟೆ.”

“ಇವು ಅಲ್ಲಾಡೋದೇ ಇಲ್ವಲ್ಲ ಮಾಮ?”

“ಚಳಿಗೆ ಮರಗಟ್ಟಿವೆ” ಎಂದರು.

ನನಗೆ ಅನುಮಾನ. ಒಂದನ್ನು ಕೈಗೆತ್ತಿಕೊಂಡೆ. ರೋಮ ಚುಚ್ಚಲಿಲ್ಲ, ಬೆಕ್ಕಿನ ಮರಿಯ ಕಿವಿಯ ಹಾಗೆ ಮೆತ್ತಗಿತ್ತು. ಕಾಲಿಲ್ಲ, ತಲೆಯಿಲ್ಲ. ಜೇಬಿಗೆ ಹಾಕಿಕೊಂಡು ಬಂದು, ಮೇಜಿನ ಮೇಲಿಟ್ಟು, ಮೇಣದ ಚಾಕುವಿನಿಂದ ಉದ್ದಕ್ಕೆ ಸೀಳಿದೆ. ರೋಮದ ಟೋಪಿ ಎರಡು ಹೋಳಾಗಿ ಕಳಚಿತು. ಒಳಗೆ ಒಂದರ ಮೇಲೊಂದು ಸುತ್ತಿಕೊಂಡ ದಳಗಳು, ಬುಡದಲ್ಲಿ ಗುಲಾಬಿ, ತುದಿಯಲ್ಲಿ ಬಿಳಿ, ಎಲ್ಲಕ್ಕೂ ನಡುವೆ ಹಸಿರು ಮುಳ್ಳುಮುಳ್ಳಾದ ಪುಟ್ಟ ಗೋಪುರ. ನಿಂಬೆಸಿಪ್ಪೆ ಚಿವುಟಿದಂಥ ತೆಳು ವಾಸನೆ ಬಂತು.

“ಚಿಕ್ಕಮ್ಮ, ಬಾ ಇಲ್ಲಿ” ಎಂದೆ.

ಚಿಕ್ಕಮ್ಮ ಭೂತಗನ್ನಡಿ ಹಿಡಿದು ನೋಡಿದಳು. ತುಂಬ ಹೊತ್ತು ನೋಡಿದಳು. “ಇದು ಹುಳ ಅಲ್ಲ” ಎಂದಳು.

“ಅಲ್ಲ.”

“ಮೊಗ್ಗು.”

“ಹೌದು.”

“ಎಷ್ಟು ಕಿತ್ತಿದ್ದಾರೆ?”

“ಒಂದೂ ಬಿಟ್ಟಿಲ್ಲವಂತೆ.”

ನಾನು ನಗಬಾರದಿತ್ತು. ಆದರೆ ನಗು ಬಂದರೆ ನಾನೇನು ಮಾಡಲಿ? ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ, ಹೂ ಬಿಡಲಿ ಎಂದು ಮರ ಹತ್ತಿದ ಮನುಷ್ಯ ತನ್ನ ಕೈಯಾರೆ ಹೂವನ್ನೆಲ್ಲ ಕಿತ್ತು ಡಬ್ಬಿಗೆ ತುಂಬಿದ್ದ. ನಾನು ಮೇಜು ಹಿಡಿದುಕೊಂಡು ನಕ್ಕೆ. ಚಿಕ್ಕಮ್ಮ ನಗಲಿಲ್ಲ. “ಹುಳ ಅಂದವಳು ನಾನು” ಎಂದಳು. ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿದಳು. “ನಡಿ, ಆ ದೊಡ್ಡ ತೋಟಕ್ಕೆ ಹೋಗಿ ಕೇಳೋಣ. ಮತ್ತೆ ಮೊಗ್ಗು ಬರುತ್ತಾ ಅಂತ.”

ದೊಡ್ಡ ತೋಟ ಎಂದರೆ ಊರಿನ ಆಚೆ ತುದಿಯ ಸಾರ್ವಜನಿಕ ತೋಟ. ಸೀಳಿದ ಮೊಗ್ಗನ್ನು ಹಲ್ಲಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆವು. ತೋಟದ ಗೇಟು ದಾಟಿ, ಬಿಸಿಲು ಬೀಳುವ ಒಂದು ಗೋಡೆಯ ತಿರುವಿನಲ್ಲಿ ಚಿಕ್ಕಮ್ಮ ಗಕ್ಕನೆ ನಿಂತುಬಿಟ್ಟಳು. ಹಿಂದೆ ಬರುತ್ತಿದ್ದ ನಾನು ಅವಳ ಬೆನ್ನಿಗೆ ಡಿಕ್ಕಿ ಹೊಡೆದೆ.

ಅಲ್ಲಿ ನಮ್ಮ ಮರ ನಿಂತಿತ್ತು. ಅದೇ ನುಣುಪು ಬೂದು ತೊಗಟೆ, ಅದೇ ಗೇಣಿಗೊಂದು ಬಳೆ ತೊಡಿಸಿದಂತೆ ಗೆರೆಯಿದ್ದ ಕಡ್ಡಿಗಳು. ಆದರೆ ಒಂದೂ ಎಲೆಯಿಲ್ಲದ ಆ ಬೋಳು ಕೊಂಬೆಗಳ ತುಂಬ, ನೆತ್ತಿಯಿಂದ ನೆಲದವರೆಗೆ, ಹೂವು. ಒಂದೊಂದೂ ಅಂಗೈಯಗಲ. ಬಟ್ಟಲಿನ ಹಾಗೆ ಆಕಾಶಕ್ಕೆ ಬಾಯಿ ತೆರೆದುಕೊಂಡು ನೆಟ್ಟಗೆ ನಿಂತಿದ್ದವು. ಹೊರಬದಿಯ ಬುಡದಲ್ಲಿ ಗಾಢ ಗುಲಾಬಿ, ಮೇಲೇರಿದ ಹಾಗೆ ತಿಳಿಯಾಗಿ, ಅಂಚಿಗೆ ಬರುವಷ್ಟರಲ್ಲಿ ಕೆನೆ ಬಿಳುಪು. ಕೆಲವು ಆಗಷ್ಟೇ ರೋಮದ ಟೋಪಿ ಜಾರಿಸುತ್ತಿದ್ದವು. ನೆಲದ ಮೇಲೆಲ್ಲ ಆ ಟೋಪಿಗಳು ಚೆಲ್ಲಿದ್ದವು, ಇಲಿಗಳ ಮೆರವಣಿಗೆ ಹೋದ ಮೇಲೆ ಬಿದ್ದುಳಿದ ಹಾಗೆ.

“ಒಸಡು” ಎಂದಳು ಚಿಕ್ಕಮ್ಮ.

“ಏನು?”

“ನೋಡೇ. ಕೆಳಗೆ ಒಸಡು, ಮೇಲೆ ಹಲ್ಲು. ಒಸಡು ಎಲ್ಲಿ ಮುಗೀತು, ಹಲ್ಲು ಎಲ್ಲಿ ಶುರುವಾಯ್ತು, ಗೊತ್ತಾಗುತ್ತಾ? ಮೂವತ್ತು ವರ್ಷದಿಂದ ನಾನು ಒದ್ದಾಡ್ತಿರೋದು ಈ ಒಂದು ಗೆರೆಗೆ.”

ಕೈಚೀಲದಿಂದ, ಹಲ್ಲಿನ ಬಣ್ಣ ಹೋಲಿಸಲು ಮಾದರಿ ಹಲ್ಲುಗಳನ್ನು ಸಾಲಾಗಿ ಕೂರಿಸಿದ ಪಟ್ಟಿ ತೆಗೆದಳು. ಅದನ್ನು ಬಿಟ್ಟು ಅವಳು ಎಲ್ಲಿಗೂ ಹೋಗುವುದಿಲ್ಲ. ಬಿದ್ದ ದಳವೊಂದನ್ನು ಎತ್ತಿ ಪಟ್ಟಿಯ ಪಕ್ಕ ಹಿಡಿದಳು. ಒಂದು ಹಲ್ಲೂ ಹೊಂದಲಿಲ್ಲ. ದಳದ ಬಿಳುಪು ನಮ್ಮ ಅತಿ ಬಿಳಿ ಹಲ್ಲಿಗಿಂತ ಬೆಚ್ಚಗಿತ್ತು. ದಳ ಮೇಣದ ಹಾಳೆಯಷ್ಟು ದಪ್ಪ. ಅವಳು ಹೆಬ್ಬೆರಳು ಒತ್ತಿದಲ್ಲಿ ಕಂದು ಗುರುತು ಮೂಡಿತು. “ಅಯ್ಯೋ, ನೋವಾಯ್ತೇನೋ” ಎಂದು ಅದಕ್ಕೆ ಹೇಳಿದಳು. ಮತ್ತೆ ತಲೆಯೆತ್ತಿ ಮರ ನೋಡಿದಳು. ನಗತೊಡಗಿದಳು. ನನ್ನ ಚಿಕ್ಕಮ್ಮ ನಗುವವಳಲ್ಲ. ಬೇರೆಯವರ ನಗು ತಯಾರಿಸುವವಳು. ಆ ದಿನ ಮರದ ಸುತ್ತ ಬರುತ್ತ, ಸೆರಗು ಜಾರಿದ್ದೂ ಗೊತ್ತಿಲ್ಲದೆ, ಒಂದು ಹೂವಿನಿಂದ ಇನ್ನೊಂದಕ್ಕೆ ಮೂಗು ಚಾಚುತ್ತ, ದಳ ಎಣಿಸುತ್ತ, “ಒಂಬತ್ತು ಕಣೇ, ಇದರದ್ದೂ ಒಂಬತ್ತು” ಎನ್ನುತ್ತ ನಕ್ಕೇ ನಕ್ಕಳು. ಅವಳನ್ನು ನೋಡಿ ನನಗೂ ತಲೆ ತಿರುಗಿದಂತಾಯಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು, ಯಾಕೆಂದು ಗೊತ್ತಿಲ್ಲದೆ ನಕ್ಕೆವು. ದಾರಿಹೋಕರು ನಮ್ಮನ್ನು ಬಳಸಿಕೊಂಡು ಹೋದರು.

ತೋಟದ ಮೇಲ್ವಿಚಾರಕಿ ಬಂದು ಹುಲ್ಲು ತುಳಿಯಬೇಡಿ ಎಂದರು. ಚಿಕ್ಕಮ್ಮ ಪೆಟ್ಟಿಗೆ ತೆರೆದು ಸೀಳಿದ ಮೊಗ್ಗು ತೋರಿಸಿ, ನಮ್ಮ ಅಂಗಳದ ಮರದ್ದು ಎಂದಳು.

“ಮ್ಯಾಗ್ನೋಲಿಯಾ” ಎಂದರು ಅವರು. “ಸಂಪಿಗೆಯ ಬಳಗದ್ದೇ. ಆ ಕಡ್ಡಿ ಸುತ್ತ ಇರೋ ಬಳೆ ಗುರುತು ನೋಡಿ, ಸಂಪಿಗೆಗೂ ಹಾಗೇ ಇರುತ್ತೆ. ಈ ಜಾತಿಗೆ ಹೂ ಮೊದಲು, ಎಲೆ ಆಮೇಲೆ. ನಿಮ್ಮ ಕಡೆ ಬಿಸಿಲು ಕಡಿಮೆ ಅಂದ್ರೆ ಸ್ವಲ್ಪ ತಡವಾಗಿ ಬಿಡುತ್ತೆ, ಅಷ್ಟೇ.”

“ಮೊಗ್ಗು ಕಿತ್ತರೆ ಮತ್ತೆ ಬರುತ್ತಾ?”

“ಮೊಗ್ಗು ಹೋದ ವರ್ಷವೇ ಕಟ್ಟಿರೋದು. ಕಿತ್ತರೆ ಇನ್ನು ಮುಂದಿನ ವಸಂತಕ್ಕೇ. ಯಾರಾದ್ರೂ ಮೊಗ್ಗು ಕೀಳ್ತಾರಾ?”

ಚಿಕ್ಕಮ್ಮನ ನಗು ನಿಂತಿತು. ವಾಪಸು ಬಸ್ಸಿನಲ್ಲಿ ಅವಳು ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಮತ್ತೆ ತೆರೆದು ಮೊಗ್ಗನ್ನು ನೋಡಿದಳು. ಆಗ ನನಗೆ ಅರ್ಥವಾಯಿತು: ಇವಳಿಗೆ ಈ ಹೂ ಬೇಕು. ತಪ್ಪಿಸಿಕೊಳ್ಳಲು ತೋರಿಸಿದ ಮರ ಈಗ ಇವಳ ಕುತ್ತಿಗೆಗೇ ಬಂದಿದೆ. ಪಾಪ ಅನ್ನಿಸಿತು, ಸಿಟ್ಟೂ ಬಂತು. ಒಂದು ‘ಹೂಂ’ ಅನ್ನಲು ಈ ಪಾಟಿ ತೋಟಗಾರಿಕೆ ಬೇಕೇ?

“ಹೋಗಿ ಹೇಳಿಬಿಡು ಚಿಕ್ಕಮ್ಮ. ಮರಗಿರ ಎಲ್ಲ ಬಿಡಿ ಅಂತ.”

“ಕೊಟ್ಟ ಮಾತು ಕಣೇ. ನಾನಾಗೇ ಮುರಿದರೆ ನನ್ನ ಬಗ್ಗೆ ಏನಂದ್ಕೋತಾರೆ?”

ಬೀಗದವರಿಗೆ ಸುದ್ದಿ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ಸೀಳಿದ ಮೊಗ್ಗನ್ನು ಅವರ ಮುಂದಿಟ್ಟೆ. ಅವರು ಅದನ್ನು ಮೂಗಿಗೆ ತಾಗಿಸಿಕೊಂಡು ನೋಡಿದರು. ಕೈಗವಸಿಲ್ಲದ ಬೆರಳಿನಿಂದ ದಳ ಮುಟ್ಟಿದರು. ಡಬ್ಬಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ತಲೆ ಮೇಲೆ ಕೈಹೊತ್ತು ಕೂತರು. ನನಗೆ ಅಳು ಬರುವಂತಾಯಿತು.

ಆಮೇಲೆ ನಿಧಾನವಾಗಿ ಹೇಳಿದರು. “ಮುಂದಿನ ವಸಂತಕ್ಕೆ ಬಿಡುತ್ತೆ ಅಂದ್ರಾ ಅವರು? ಹಾಗಾದ್ರೆ ಸರಿ. ಮೇಡಂಗೆ ಹೇಳಮ್ಮ, ಕಾಯ್ತೀನಿ ಅಂತ. ಅವಸರ ಏನಿದೆ.”

ನಾನು ಅದನ್ನು ಹಾಗೇ ತಂದು ಒಪ್ಪಿಸಿದೆ. ಚಿಕ್ಕಮ್ಮ ಕೈಯಲ್ಲಿದ್ದ ದವಡೆಯನ್ನು ಮೇಜಿನ ಮೇಲೆ ಕುಕ್ಕಿದಳು.

“ಅವಸರ ಏನಿದೆಯಂತಾ? ನನಗೆ ಐವತ್ತೊಂಬತ್ತು. ಅವರಿಗೆ ಮೊಣಕಾಲಿಲ್ಲ. ಇಬ್ಬರೂ ಸೇರಿಸಿದ್ರೆ ನೂರಿಪ್ಪತ್ತು ವರ್ಷ ದಾಟುತ್ತೆ, ಇನ್ನೂ ಒಂದು ವರ್ಷ ಕಾಯ್ತಾರಂತೆ. ಇವರೇನು ಮನುಷ್ಯರಾ, ಬೀಗಾನಾ?”

“ಕಾಯಿಸಿದ್ದು ಯಾರು?”

“ನೀನು ಬಾಯಿಗೆ ಬೀಗ ಹಾಕ್ಕೋ” ಎಂದಳು. ಹಾಗೆಂದವಳು ಭೂತಗನ್ನಡಿ ತೆಗೆದುಕೊಂಡು ಅಂಗಳಕ್ಕೆ ಹೊರಟಳು.

ಅಂದಿನಿಂದ ಅವಳಿಗೆ ಮರದ ಹುಚ್ಚು. ಒಂದೊಂದು ಕೊಂಬೆಯನ್ನೂ ಬಾಯಿಯೊಳಗೆ ಹಲ್ಲು ಹುಡುಕುವವಳಂತೆ ಹುಡುಕಿದಳು. ಬೀಗದವರ ಕೆಲಸ ಅಚ್ಚುಕಟ್ಟು; ಒಂದೂ ಉಳಿದಿರಲಿಲ್ಲ. ಉಳಿದಿದ್ದವೆಲ್ಲ ‘ಮರಿ’ಗಳು, ಎಂದರೆ ಎಲೆಯ ಚಿಗುರು. ಕ್ಲಿನಿಕ್ಕಿನವರು ಸೆಟ್ಟು ಎಲ್ಲಿ ಎಂದು ಫೋನು ಮಾಡಿದರೆ ನಾನು ಮೇಡಂ ಮರದಲ್ಲಿದ್ದಾರೆ ಎನ್ನುತ್ತಿದ್ದೆ. ಕೊನೆಗೆ ಒಂದು ಬೆಳಿಗ್ಗೆ ಒಗೆದ ಏಪ್ರನ್ ಹರವಲು ತಾರಸಿಗೆ ಹೋದವಳು ಮೇಲಿನಿಂದ ನನ್ನನ್ನು ಕರೆದಳು. ಧ್ವನಿ ಕೇಳಿ ಬಿದ್ದಳೇನೋ ಎಂದು ಎರಡೆರಡು ಮೆಟ್ಟಿಲು ಹಾರಿ ಹೋದೆ.

ಮರದ ತುತ್ತತುದಿಯ ಕೊಂಬೆ ತಾರಸಿಯ ಕಟ್ಟೆಯ ಹತ್ತಿರಕ್ಕೆ ಬಾಗಿತ್ತು. ಏಣಿ ಮುಟ್ಟದ ಎತ್ತರ. ಅದರ ತುದಿಯಲ್ಲಿ, ರೋಮದ ಟೋಪಿ ಹಾಕಿಕೊಂಡು, ಒಂದೇ ಒಂದು ಕಂಬಳಿಹುಳ ಕೂತಿತ್ತು.

ಆಮೇಲಿನ ದಿನಗಳನ್ನು ಏನೆಂದು ಹೇಳಲಿ. ಮಗುವಿಗೆ ಮೊದಲ ಹಲ್ಲು ಬರುವುದನ್ನು ಕಾಯುವ ತಾಯಂದಿರನ್ನು ನೋಡಿದ್ದೇನೆ. ಅವರೂ ಇಷ್ಟು ಕಾಯುವುದಿಲ್ಲ. ಚಳಿಗಾಳಿ ಬೀಸಿದ ಸಂಜೆ ಚಿಕ್ಕಮ್ಮ ಮೊಗ್ಗಿಗೆ ತನ್ನ ಉಣ್ಣೆಯ ಕಾಲುಚೀಲ ತೊಡಿಸಿ ಬಂದಳು. ಬೆಳಿಗ್ಗೆ ತೆಗೆಯಲು ಹೋಗಿ, ಮೊಗ್ಗೇ ಕಳಚಿ ಬಂದರೆ ಎಂದು ನನ್ನನ್ನು ಕರೆದಳು. “ಸ್ವಲ್ಪ ಬಿಡಿಸಿ ಕೊಡೋಣವಾ ಟೋಪೀನ, ಸಣ್ಣ ಚಾಕುವಿನಿಂದ?” ಎಂದು ಕೇಳಿದಾಗ ಮಾತ್ರ ನಾನು ಗದರಿದೆ. ಬೀಗದವರಿಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಳು. ನನ್ನಂಥವಳು ಗುಟ್ಟು ಇಟ್ಟುಕೊಳ್ಳುವುದೆಂದರೆ ಬಾಯಲ್ಲಿ ಬಿಸಿ ಮೇಣ ಇಟ್ಟುಕೊಂಡ ಹಾಗೆ.

ಒಂದು ಮುಂಜಾನೆ ಟೋಪಿ ಸೀಳಿತು. ಸೀಳಿನಲ್ಲಿ ಕಡ್ಡಿಯಗಲದ ಗುಲಾಬಿ ಗೆರೆ. ಚಿಕ್ಕಮ್ಮ ಅದನ್ನು ನೋಡಿದವಳೇ, ಏಪ್ರನ್ನಿನಲ್ಲೇ, ಮೂಗಿನ ಮೇಲೆ ಪ್ಲಾಸ್ಟರಿನ ಪುಡಿಯ ಸಮೇತ, ಮೆಟ್ಟಿಲಿಳಿದು ಅಂಗಳ ದಾಟಿ ಬೀಗದಂಗಡಿಗೆ ನುಗ್ಗಿದಳು. ಅಲ್ಲಿ ಒಬ್ಬ ಟೀಚರಮ್ಮ ನಿಂತಿದ್ದರು. ಮೇಲಿನ ಮನೆಯವರು, ಕೀಲಿ ಒಳಗಿಟ್ಟು ಬಾಗಿಲು ಎಳೆದುಕೊಂಡಿದ್ದರಂತೆ.

“ಮೇಲೆ ಬನ್ನಿ” ಎಂದಳು ಚಿಕ್ಕಮ್ಮ.

“ಇವರ ಬಾಗಿಲು...” ಎಂದರು ಬೀಗದವರು.

“ಬಾಗಿಲು ಎಲ್ಲಿಗೂ ಓಡಿಹೋಗಲ್ಲ.”

ಬೀಗದವರು ಮೊಣಕಾಲು ಹಿಡಿದುಕೊಂಡು ಹತ್ತಿದರು, ಅವರ ಹಿಂದೆ ಚಿಕ್ಕಮ್ಮ, ಚಿಕ್ಕಮ್ಮನ ಹಿಂದೆ ನಾನು, ನನ್ನ ಹಿಂದೆ ಬಾಗಿಲು ತೆರೆಯುವವರನ್ನು ಕೈಬಿಡಲು ಮನಸ್ಸಿಲ್ಲದ ಟೀಚರಮ್ಮ. ತಾರಸಿಯ ಕಟ್ಟೆಯ ಹತ್ತಿರ ಚಿಕ್ಕಮ್ಮ ಕೊಂಬೆಯನ್ನು ಮೆಲ್ಲಗೆ ಬಾಗಿಸಿ ಹಿಡಿದಳು.

“ನೋಡಿ. ಹೂ ಬಿಟ್ಟಿದೆ.”

ಬೀಗದವರು ಮೂಗು ತಾಗುವಷ್ಟು ಹತ್ತಿರ ಬಗ್ಗಿದರು. ಆ ಮನುಷ್ಯನ ಕೈ ಬೆನ್ನ ಹಿಂದೆ ಕಟ್ಟಿಕೊಂಡಿತ್ತು, ಮುಟ್ಟಲು ಹೆದರಿ. ತುಂಬ ಹೊತ್ತು ನೋಡಿದರು.

“ಒಂದು ಉಳಿದಿದೆ” ಎಂದರು. ಆಮೇಲೆ ನೆಟ್ಟಗೆ ನಿಂತು, ಕನ್ನಡಕ ಒರೆಸಿಕೊಂಡು, “ಆದರೆ ಮೇಡಂ, ಇದು ಇನ್ನೂ ಬಿಟ್ಟಿಲ್ಲ. ಬಾಯಿ ತೆರೆದಿದೆ ಅಷ್ಟೇ.”

“ಬಿಟ್ಟಿದೆ ಅಂದೆನಲ್ಲ.”

“ಇದನ್ನ ಮೊಗ್ಗು ಅಂತಾರೆ” ಎಂದರು ಟೀಚರಮ್ಮ. ನಾನು ಅವರನ್ನು ನುಂಗುವ ಹಾಗೆ ನೋಡಿದೆ.

“ನಾಡಿದ್ದಿಗೆ ಬಿಡಬಹುದು. ನಿಮಗೆ ಅನ್ಯಾಯ ಆಗಬಾರದು. ನೀವು ಪೂರ್ತಿ ಬಿಟ್ಟ ಮೇಲೇ ಹೇಳಿ” ಎಂದರು ಬೀಗದವರು.

ಚಿಕ್ಕಮ್ಮ ಕೊಂಬೆಯನ್ನು ಜೋಪಾನವಾಗಿ ಬಿಟ್ಟಳು. ಅವಳ ಕಿವಿ ಮತ್ತೆ ಮೇಣದ ಬಣ್ಣಕ್ಕೆ ತಿರುಗಿತ್ತು.

“ನಿಮಗೊಂದು ವಿಷಯ ಹೇಳ್ಬೇಕು. ಅವತ್ತು ಈ ಮರ ಸತ್ತಿದೆ ಅಂದ್ಕೊಂಡೇ ನಾನು ನಿಮಗೆ ಹಾಗೆ ಹೇಳಿದ್ದು.”

“ಗೊತ್ತು.”

“ಗೊತ್ತಿತ್ತಾ?”

“ನಾನೂ ಸತ್ತಿದೆ ಅಂತಲೇ ಅಂದ್ಕೊಂಡಿದ್ದೆ. ಮೇಡಂ ಮರ್ಯಾದೆಯಾಗಿ ಬೇಡ ಅಂದ್ರು, ಸುಮ್ಮನಾಗೋಣ ಅಂತ ಇದ್ದೆ. ಆಮೇಲೆ ಒಂದು ದಿನ ನೀವು ಕಿಟಕಿಯಿಂದ ಮರಕ್ಕೆ ಕಂಬಳಿಹುಳ ಹತ್ತಿದೆ ಅಂದ್ರಿ. ಸತ್ತ ಮರಕ್ಕೆ ಕಂಬಳಿಹುಳ ಹತ್ತಲ್ಲ ಮೇಡಂ. ತಿನ್ನೋಕೆ ಏನೋ ಇದೆ ಅಂತಲೇ ಅವು ಬರೋದು. ಅಂದ್ರೆ ಜೀವ ಇದೆ ಅಂತಾಯ್ತಲ್ಲ. ಅವತ್ತು ನನಗಾದ ಸಂತೋಷಕ್ಕೆ ಏಣಿ ತಂದೆ.”

ಚಿಕ್ಕಮ್ಮ ಅವರ ಮುಖವನ್ನೇ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಳ್ಳಲು ಹೋಗಿ ಕೆನ್ನೆಯ ತುಂಬ ಪ್ಲಾಸ್ಟರು ಬಳಿದುಕೊಂಡಳು. ನಾನು ಬಾಯಿ ಬಿಡಲಿಲ್ಲ. ಹುಟ್ಟಿದಾಗಿನಿಂದ ನಾನು ಬಾಯಿ ಬಿಡದೆ ಇದ್ದದ್ದು ಅಲ್ಲೊಂದೇ ಕಡೆ.

“ಅದು ನಾಡಿದ್ದು ಬೇಕಾದ್ರೆ ಬಿಡಲಿ, ಆಚೆ ನಾಡಿದ್ದು ಬೇಕಾದ್ರೆ ಬಿಡಲಿ” ಎಂದಳು. “ನಾನು ಇವತ್ತೇ ಹೇಳ್ತೀನಿ. ಆಗೋಣ.”

ಬೀಗದವರಿಗೆ ಅದು ಒಳಗಿಳಿಯಲು ಹೊತ್ತು ಹಿಡಿಯಿತು. “ಏನು ಆಗೋಣ?” ಎಂದರು.

“ಮದುವೆ” ಎಂದೆವು ನಾನು ಮತ್ತು ಟೀಚರಮ್ಮ, ಒಟ್ಟಿಗೆ.

ಬೀಗದವರು ಮೆಟ್ಟಿಲಿಳಿದು ಟೀಚರಮ್ಮನ ಬಾಗಿಲ ಮುಂದೆ ಮಂಡಿಯೂರಿ ಕೂತು, ಬೀಗಕ್ಕೆ ಸಣ್ಣ ಸಲಾಕೆ ಹಾಕಿದರು. ಕೈ ಎಷ್ಟು ನಡುಗುತ್ತಿತ್ತೆಂದರೆ ಸಲಾಕೆ ಬೀಗದ ಬಾಯಿಗೇ ಹೋಗಲಿಲ್ಲ. ಬಿತ್ತು, ಎತ್ತಿಕೊಂಡರು, ಮತ್ತೆ ಬಿತ್ತು. ಚಿಕ್ಕಮ್ಮ ಪಕ್ಕದಲ್ಲಿ ಕೂತು ಎರಡೂ ಕೈಯಿಂದ ಅವರ ಕೈ ಹಿಡಿದುಕೊಂಡಳು. ಆದರೆ ಅವಳ ಕೈಯೂ ನಡುಗುತ್ತಿತ್ತು, ಬಾಗಿಲು ಮಧ್ಯಾಹ್ನದವರೆಗೂ ತೆರೆಯಲಿಲ್ಲ.